ಬೋರ್ಡಿನಲ್ಲಿ ಹಿಡಿಸದ ನಂಬರು

ಅಂಗಡಿ ಬೀದಿಯಲ್ಲಿ ಬೋರ್ಡು ಬರೆಯುವವರಿಗೆ ಹೆತ್ತವರು ಯಾವ ಹೆಸರಿಟ್ಟಿದ್ದರೋ, ಅದು ಈಗ ಅವರಿಗೇ ಸರಿಯಾಗಿ ನೆನಪಿಲ್ಲ. ಊರೆಲ್ಲ ಅವರನ್ನು ಕರೆಯುವುದು ಅಂಚುರಾಯರು ಎಂದು. ಹಲಗೆ ಗೇಣಗಲವಿರಲಿ, ಮಾರಗಲವಿರಲಿ, ಬರಹ ಎಡಗಡೆಯ ಅಂಚಿನಿಂದ ಹೊರಟರೆ ಬಲಗಡೆಯ ಅಂಚನ್ನು ಮುಟ್ಟಿಯೇ ನಿಲ್ಲಬೇಕು ಎಂಬುದು ಅವರ ಹಟ. ಅವರ ಬೋರ್ಡಿನ ಅಂಚು ಹಿಡಿದು ಇರುವೆಯೊಂದು ನಡೆದರೆ, ಅದರ ಒಂದು ಪಕ್ಕದ ಕಾಲುಗಳೆಲ್ಲ ಬಣ್ಣದ ಮೇಲೆಯೇ ಬೀಳುತ್ತಿದ್ದವು. ಊರಿನ ಕೆಂಪು ಕಾಲಿನ ಇರುವೆಗಳೆಲ್ಲ ಅವರ ಅಂಗಡಿಯ ಗಿರಾಕಿಗಳೇ ಎಂದು ಹೇಳುವವರೂ ಇದ್ದರು.

ಈ ಹಟ ಅವರದಲ್ಲ, ಅವರ ಮಾವನಿಂದ ಬಂದದ್ದು. ಕುಂಚ ತೊಳೆಯಲು ಸೇರಿಕೊಂಡವರು ಕುಂಚ ಹಿಡಿಯುವುದನ್ನು ಕಲಿತು, ಕೊನೆಗೆ ಯಜಮಾನರ ಮಗಳ ಕೈಯನ್ನೂ ಹಿಡಿದಿದ್ದರು. "ಗಿರಾಕಿ ಹಲಗೆ ಪೂರ್ತಿ ತಂದಿರ್ತಾನೆ. ಅರ್ಧ ಬರೆದು ಅರ್ಧ ಖಾಲಿ ವಾಪಸ್ ಕೊಟ್ರೆ ಅವನೇನು ಅದರ ಮೇಲೆ ಬಟ್ಟೆ ಒಣಗಿಸಬೇಕೇನಯ್ಯಾ?" ಎಂದು ಮಾವ ಗದರುತ್ತಿದ್ದರು. ಅಳಿಯನಿಗೆ ಆ ಮಾತು ಎಷ್ಟು ನಾಟಿತ್ತೆಂದರೆ, ತಟ್ಟೆಯಲ್ಲಿ ಊಟ ಬಡಿಸಿದಾಗಲೂ ಅಂಚಿನವರೆಗೆ ಹರಡಿಕೊಂಡೇ ತಿನ್ನುತ್ತಿದ್ದರು.

ಮಾವ ಬಿಟ್ಟುಹೋದದ್ದು ಇನ್ನೊಂದಿತ್ತು. ಅಂಗಡಿಯ ನೆತ್ತಿಯ ಮೇಲಿನ ಸ್ವಂತ ಬೋರ್ಡಿನಲ್ಲಿ, ತಮ್ಮ ಕೈಯಾರೆ ಬರೆದ ಒಂದು ಸಾಲು: "ನಾವು ಬರೆದ ಬೋರ್ಡಿನಲ್ಲಿ ತಪ್ಪು ಕಂಡರೆ ಎಂದೆಂದಿಗೂ ಪುಕ್ಕಟೆ ತಿದ್ದಿಕೊಡಲಾಗುವುದು." ಅದು ಆ ಅಂಗಡಿಯ ಮೀಸೆ. ಮಾವ ಕಣ್ಣು ಮುಚ್ಚುವ ಮೊದಲು ಅಳಿಯನನ್ನು ಹಾಸಿಗೆಯ ಪಕ್ಕ ಕರೆದು, "ಆ ಸಾಲು ಅಳಿಸಬೇಡ ಕಣಯ್ಯ. ಅಳಿಸಲೇಬೇಕು ಅನ್ನೋ ದಿನ ಬಂದ್ರೆ ಬಾಗಿಲೂ ಮುಚ್ಚಿಬಿಡು" ಎಂದಿದ್ದರು. ಅಳಿಯ ಹೂಂ ಎಂದಿದ್ದರು. ತಪ್ಪು ಬರೆದರೆ ತಾನೇ ತಿದ್ದುವುದು? ಅಂಚುರಾಯರು ತಪ್ಪು ಬರೆಯುತ್ತಿರಲಿಲ್ಲ. ಆ ಮಾತು ಹಿಡಿದು ಬಂದವರನ್ನು ಹುಡುಕಬೇಕಾದರೆ ದೀಪ ಹಿಡಿದು ಹೋಗಬೇಕಿತ್ತು.

ಮಾವನ ಒಬ್ಬನೇ ಮಗ ಮಾತ್ರ ಕುಂಚ ಮುಟ್ಟಲಿಲ್ಲ. ಬಣ್ಣದ ವಾಸನೆಗೆ ತಲೆ ಸುತ್ತುತ್ತದೆ ಎಂದು ಹೇಳಿ ಟೆಲಿಫೋನ್ ಇಲಾಖೆ ಸೇರಿದ. ಅಂಚುರಾಯರಿಗೆ ಭಾವಮೈದನಾದ ಇವನ ಕೃಪೆಯಿಂದಲೇ ಮನೆಗೊಂದು, ಅಂಗಡಿಗೊಂದು ಫೋನು ಬಂದದ್ದು. ಅಂಗಡಿ ರಸ್ತೆಯ ಈಚೆ, ಮನೆ ನೇರ ಆಚೆ, ಆ ಸಾಲಿನ ತುದಿಗೆ. ಮಹಡಿಯ ಕಿಟಕಿಯಲ್ಲಿ ನಿಂತರೆ ಹೆಂಡತಿಗೆ ಗಂಡನ ನೆತ್ತಿಯ ಬೋಳು ಎಷ್ಟು ಬೆಳೆದಿದೆ ಎಂಬುದೂ ಕಾಣುತ್ತಿತ್ತು. ಆದರೂ ಊಟಕ್ಕೆ ಕರೆಯಲು ಆಕೆ ಫೋನನ್ನೇ ಮಾಡುತ್ತಿದ್ದರು. ತಮ್ಮ ಹಾಕಿಸಿಕೊಟ್ಟದ್ದು, ಸುಮ್ಮನೆ ಧೂಳು ತಿನ್ನಬಾರದಲ್ಲ. ಐದು ಸಲ ಡಯಲ್ ತಿರುಗಿಸಿದರೆ ಮುಗಿಯುತ್ತಿತ್ತು.

ಹೀಗೆ ಸುಖವಾಗಿದ್ದ ಕಾಲದಲ್ಲಿ ಭಾವಮೈದ ಒಂದು ಬೆಳಿಗ್ಗೆ ಹಲ್ಲು ಕಿರಿಯುತ್ತ ಅಂಗಡಿಗೆ ಬಂದ. ಬಣ್ಣದ ಡಬ್ಬ ಬೋರಲು ಹಾಕಿಕೊಂಡು ಕೂತ.

"ಭಾವ, ಒಳ್ಳೆ ಸುದ್ದಿ. ಇನ್ಮೇಲೆ ಊರಿನ ಎಲ್ಲ ನಂಬರ್ ಹಿಂದೇನೂ... ಅಲ್ಲಲ್ಲ, ಮುಂದೆ ಒಂದು ಎರಡು ಸೇರುತ್ತೆ."

"ಒಂದಾ, ಎರಡಾ? ಸರಿಯಾಗಿ ಹೇಳು."

"ಒಂದೇ ಒಂದು ಎರಡು ಭಾವ. ಐದು ಅಂಕಿ ಇದ್ದದ್ದು ಆರಾಗುತ್ತೆ. ಜನ ಜಾಸ್ತಿ ಆದ್ರು, ನಂಬರ್ ಸಾಲ್ತಾ ಇಲ್ಲ."

"ಜನ ಜಾಸ್ತಿ ಆದ್ರು ಅಂತ ಎಲ್ಲರ ಕೈಗೂ ಒಂದೊಂದು ಬೆರಳು ಸೇರಿಸ್ತೀರೇನಯ್ಯಾ?"

"ಅದು ನಮ್ಮ ಇಲಾಖೆಗೆ ಬರಲ್ಲ ಭಾವ" ಎಂದ ಭಾವಮೈದ, ಬೇಸರವಿಲ್ಲದೆ.

ಅವನು ಎದ್ದು ಹೋದಮೇಲೆ ಅಂಚುರಾಯರು ಬಾಗಿಲಿಗೆ ಬಂದು ಬೀದಿಯನ್ನು ಒಮ್ಮೆ ನೋಡಿದರು. ಕಣ್ಣು ಹಾಯಿಸಿದಷ್ಟು ದೂರವೂ ತಾವೇ ಬರೆದ ಬೋರ್ಡುಗಳು. ಪ್ರತಿಯೊಂದರ ಕೆಳಸಾಲಿನಲ್ಲಿ ಫೋನ್ ನಂಬರು, ಎಡದ ಅಂಚಿನಿಂದ ಬಲದ ಅಂಚಿಗೆ, ದುಂಡುದುಂಡಾಗಿ, ಹೊಟ್ಟೆ ತುಂಬ ಉಂಡು ಕೂತವರ ಹಾಗೆ ಐದೈದು ಅಂಕಿ. ಆರನೆಯವನಿಗೆ ಒಂಟಿಕಾಲಲ್ಲಿ ನಿಲ್ಲಲೂ ಜಾಗವಿಲ್ಲ.

ಮೊದಲು ಬಂದವನು ಬೀಗ ರಿಪೇರಿಯವನು. ಬೀದಿಯ ಸಾಲಿನಲ್ಲಿ ಕೊನೆಯ ಅಂಗಡಿ ಅವನದು. ಬೀಗದ ಕೈ ಕಳಕೊಂಡವರು ಪಕ್ಕದ ಮನೆಯಿಂದ ಫೋನು ಮಾಡಿದರೇ ಅವನಿಗೆ ಕೆಲಸ. ಯಾವ ಬೀಗವನ್ನಾದರೂ ತೆಗೆಯಬಲ್ಲವನು. ಬಾಯಿಯ ಬೀಗವನ್ನಂತೂ ಎಂದೋ ತೆಗೆದು ಎಸೆದಿದ್ದ.

"ರಾಯರೇ, ನಿಮ್ಮ ಬೋರ್ಡಲ್ಲಿ ತಪ್ಪಿದೆ."

"ನನ್ನ ಬೋರ್ಡಲ್ಲಾ? ಎಲ್ಲಿ?"

"ನಂಬರಲ್ಲಿ. ಒಂದು ಅಂಕಿ ಬಿಟ್ಟಿದ್ದೀರಿ."

"ಅಯ್ಯಾ, ಬರೆದಾಗ ಸರಿಯಾಗೇ ಇತ್ತಲ್ಲೋ!"

ಬೀಗದವನು ಕತ್ತೆತ್ತಿ ಮಾವನ ಸಾಲನ್ನು ಗಟ್ಟಿಯಾಗಿ ಓದಿದ. "'ತಪ್ಪು ಕಂಡರೆ' ಅಂತ ತಾನೇ ಇರೋದು? ನನಗೆ ಈಗ ಕಾಣ್ತಾ ಇದೆ. 'ಎಂದೆಂದಿಗೂ' ಅಂತ ಬೇರೆ ಬರೆದಿದ್ದಾರೆ ದೊಡ್ಡವರು. ಅವರು ಸುಳ್ಳು ಹೇಳೋರಲ್ಲ."

ಸತ್ತ ಮಾವನನ್ನು ಸಾಕ್ಷಿಗೆ ಕರೆದ ಮೇಲೆ ಮಾತಾಡುವುದೇನಿದೆ? ಅಂಚುರಾಯರು ಏಣಿ ಹೊತ್ತು ಹೊರಟರು. ಮೊದಲಿಗೆ ಒಂದು ಉಪಾಯ ಮಾಡಿದರು. ಜಾಗವಿಲ್ಲದ್ದರಿಂದ ಮೊದಲ ಅಂಕಿಯ ತಲೆಯ ಮೇಲೆ, ಕಂಬಿಯ ಮೇಲೆ ಗುಬ್ಬಚ್ಚಿ ಕೂತ ಹಾಗೆ, ಒಂದು ಪುಟ್ಟ ಎರಡನ್ನು ಕೂರಿಸಿದರು. ನೋಡಿದವರು ಅದನ್ನು ಅಂಕಿ ಎಂದುಕೊಳ್ಳಲಿಲ್ಲ. ಗುಬ್ಬಚ್ಚಿ ಬಿಟ್ಟುಹೋದದ್ದು ಎಂದುಕೊಂಡರು. ಹಳೆಯ ಐದನ್ನೇ ತಿರುಗಿಸಿದರು. ಫೋನಿನಲ್ಲಿ ಯಾರೋ ಹೆಂಗಸು ಸಕ್ಕರೆಯಂಥ ದನಿಯಲ್ಲಿ "ಈ ನಂಬರ್ ಅಸ್ತಿತ್ವದಲ್ಲಿಲ್ಲ" ಎಂದಳು. ಬಾಗಿಲ ಹೊರಗೆ ಬೀಗ ನೋಡುತ್ತ ನಿಂತವರೆಲ್ಲ ಬೀಗದವನು ತೀರಿಹೋದನೆಂದೇ ತಿಳಿದರು. ಒಬ್ಬರಂತೂ ಮನೆಯವರನ್ನು ಮಾತಾಡಿಸಿಕೊಂಡು ಹೋಗೋಣವೆಂದು ಅವನ ಮನೆಗೆ ಬಂದೂಬಿಟ್ಟರು. ಬಾಗಿಲು ತೆಗೆದವನು ಅವನೇ.

ಆ ಸಕ್ಕರೆ ದನಿಯ ಹೆಂಗಸು ರಾಯರ ಮನೆಯವರನ್ನೂ ಬಿಡಲಿಲ್ಲ. ಕೈಗೆ ಅಭ್ಯಾಸವಾದ ಐದು ಅಂಕಿ ತಿರುಗಿಸಿದ ಮನೆಯಾಕೆ, "ಅಸ್ತಿತ್ವದಲ್ಲಿ ಇಲ್ವಂತೆ! ಅಲ್ಲೇ ಕೂತು ಬೆನ್ನು ಕೆರ್ಕೊಳ್ತಾ ಇದಾರೆ ಕಣೇ, ಕಿಟಕೀಲಿ ಕಾಣ್ತಾ ಇದೆ!" ಎಂದು ಫೋನಿಗೇ ಕೂಗಾಡಿದರು. ಆಕೆ ಸಾವಿರ ಸಲ ಬೈದರೂ ಆ ಹೆಂಗಸು ಒಮ್ಮೆಯೂ ದನಿ ಏರಿಸಲಿಲ್ಲ. ಸಿಟ್ಟು ಬಂದದ್ದು ಅದಕ್ಕೇ.

ಉಪಾಯ ಫಲಿಸದೆ ಅಂಚುರಾಯರು ಬೀದಿಯ ಪ್ರತಿಯೊಂದು ಬೋರ್ಡಿನ ಕೆಳಸಾಲನ್ನೂ ಕೆರೆದು ತೆಗೆದು, ಆರು ಅಂಕಿಗಳನ್ನು ಹೊಸದಾಗಿ ಬರೆದರು. ದುಂಡಗಿದ್ದ ಸೊನ್ನೆಗಳು ಹೊಟ್ಟೆ ಒಳಗೆಳೆದುಕೊಂಡು ನಿಂತವು. ಎಂಟುಗಳು ಕಾಯಿಲೆಯಿಂದ ಎದ್ದವರ ಹಾಗೆ ಸೊರಗಿದವು. ಆದರೆ ಅಂಚಿಗೆ ಅಂಚು ಸರಿಯಾಗಿತ್ತು. ಕೊನೆಯ ಬೋರ್ಡು ಮುಗಿಸಿ ಏಣಿಯಿಂದ ಇಳಿಯುವಾಗ ಅವರ ಬೆನ್ನು ಮಡಿಸುವ ಕುರ್ಚಿಯ ಹಾಗೆ ಕಿರ್ರೆಂದಿತು. ಕೆಳಗೆ ಭಾವಮೈದ ನಿಂತಿದ್ದ.

"ಚೆನ್ನಾಗಿ ಬಂದಿದೆ ಭಾವ. ಆದ್ರೆ ಇನ್ನೊಂದು ವಿಷಯ..."

"ಹೇಳಬೇಡ."

"ಇನ್ಮೇಲೆ ಊರೊಳಗೇ ಮಾಡಿದ್ರೂ ಮುಂದೆ ಊರಿನ ಕೋಡ್ ಹಾಕಲೇಬೇಕಂತೆ. ನಾಲ್ಕೇ ನಾಲ್ಕು ಅಂಕಿ."

"ಊರೊಳಗಿರೋ ನನಗೆ ನಾನು ಊರೊಳಗಿದ್ದೀನಿ ಅಂತ ಗೊತ್ತಿಲ್ವೇನೋ? ನಿಮ್ಮ ಯಂತ್ರಕ್ಕೆ ಅಷ್ಟೂ ಗೊತ್ತಾಗಲ್ವಾ?"

"ಯಂತ್ರಕ್ಕೆ ಎಲ್ಲಾ ಗೊತ್ತಾಗುತ್ತೆ ಭಾವ. ನೀವೂ ಹೇಳಬೇಕು ಅನ್ನುತ್ತೆ, ಅಷ್ಟೇ."

ಅಂದಿನಿಂದ ಮನೆಯಾಕೆ ರಸ್ತೆ ದಾಟಿ ಫೋನು ಮಾಡಲು ಹತ್ತು ಅಂಕಿ ತಿರುಗಿಸಬೇಕಾಯಿತು. ಅವರದು ಹಳೆಯ ಡಯಲು. ಬೆರಳಿಟ್ಟು ತಿರುಗಿಸಿದರೆ ಅದು ತನಗೆ ತೋಚಿದ ಹೊತ್ತಿನಲ್ಲಿ ವಾಪಸು ಬರುತ್ತಿತ್ತು. ಮೊದಲ ಅಂಕಿಗೆ ಒಲೆಯಿಂದ ಇಳಿಸಿದ ಹಾಲು ಕೊನೆಯ ಅಂಕಿ ಬರುವಷ್ಟರಲ್ಲಿ ಮೊಸರಾಗಿರುತ್ತಿತ್ತು. ಅಂಚುರಾಯರು ಅತ್ತ ನೋಡದೆ ಬೋರ್ಡುಗಳ ಲೆಕ್ಕಾಚಾರದಲ್ಲಿ ಮುಳುಗಿದರು. ಹತ್ತು ಅಂಕಿಯನ್ನು ಒಂದೇ ಸಾಲಿನಲ್ಲಿ ತುರುಕಿದರೆ ಅದನ್ನು ಓದಲು ಭೂತಗನ್ನಡಿ ಕೊಡಬೇಕು. ಎರಡು ಸಾಲು ಮಾಡಿದರೆ ಅಂಗಡಿಯ ಹೆಸರು ಹೊರಗೆ ಹೋಗಬೇಕು. ಹೇಗೋ ಮಾಡೋಣ, ಒಂದಿಷ್ಟು ದಿನ ಸಮಯ ಕೊಡಿ ಎಂದು ಗಿರಾಕಿಗಳನ್ನು ಬೇಡಿಕೊಂಡರು.

ಆ ಸಮಯದೊಳಗೇ ಇಲಾಖೆ ಊರಿನ ಕೋಡನ್ನೇ ಎರಡು ಹೋಳು ಮಾಡಿತು. ಕತ್ತರಿ ಬಿದ್ದದ್ದು ಸರಿಯಾಗಿ ಅಂಗಡಿ ಬೀದಿಯ ನಡುವೆ. ಈಚೆ ಸಾಲಿಗೆ ಒಂದು ಕೋಡು, ಆಚೆ ಸಾಲಿಗೆ ಇನ್ನೊಂದು. ಭಾವಮೈದ ಈ ಸುದ್ದಿ ತಂದಾಗ ಅಂಗಡಿಯ ಒಳಕ್ಕೆ ಬರಲಿಲ್ಲ. ರಸ್ತೆಯಲ್ಲೇ ಸೈಕಲ್ ಮೇಲೆ ಒಂದು ಕಾಲಿಟ್ಟುಕೊಂಡು ಹೇಳಿದ.

"ಅಂದ್ರೆ ನಾನು ಬೆಳಿಗ್ಗೆ ಮನೆಯಿಂದ ಅಂಗಡಿಗೆ ಬರೋದು ಬೇರೆ ಊರಿಗೆ ಬಂದಂಗಾ?" ಎಂದು ಅಂಚುರಾಯರು ಕೇಳಿದರು.

"ಇಲಾಖೆ ಲೆಕ್ಕದಲ್ಲಿ ಹಾಗೇ ಭಾವ."

"ಹಾಗಾದ್ರೆ ನಿಮ್ಮಕ್ಕಂಗೆ ಹೇಳು, ನಾನು ಪರವೂರಲ್ಲಿ ಇದ್ದೀನಿ, ಊಟಕ್ಕೆ ಕಾಯೋದು ಬೇಡ ಅಂತ."

ತಲೆ ಕೆಟ್ಟ ಮನುಷ್ಯ ಏನು ಮಾಡುತ್ತಾನೆಂದು ಹೇಳಲಾಗದು. ಬೀಗದವನು ಹಗಲೂ ಇರುಳೂ ಜಿಗಣೆಯ ಹಾಗೆ ಅಂಟಿಕೊಂಡಿದ್ದರಿಂದ, ಅಂಚುರಾಯರು ಅವನ ಕೋಡನ್ನು ಬೋರ್ಡಿನ ಹೊರಗೆ, ಎಡಗಡೆಯ ಕಂಬದ ಮೇಲೆ ಬರೆದರು. ಜೀವಮಾನದಲ್ಲಿ ಮೊದಲ ಸಲ ಅವರ ಕುಂಚ ಅಂಚು ದಾಟಿತ್ತು. ಬರೆಯುವಾಗ ಪರರ ಹಿತ್ತಲಿಗೆ ಹಾರಿದವನಂತೆ ಅತ್ತಿತ್ತ ನೋಡಿಕೊಂಡರು.

ಕಂಬದ ಎಡಕ್ಕೆ ಇಸ್ತ್ರಿ ಅಂಗಡಿಯಕ್ಕನ ಬೋರ್ಡಿತ್ತು. ಅದನ್ನು ಬರೆದವರೂ ಅಂಚುರಾಯರೇ. ಹಾಗಾಗಿ ಅದರ ಅಂಕಿಗಳೂ ಬಲದ ಅಂಚಿಗೆ ಮುಖ ಒತ್ತಿಕೊಂಡೇ ನಿಂತಿದ್ದವು. ಈಗ ಅಕ್ಕನ ನಂಬರು, ಕಂಬದ ಕೋಡು, ಬೀಗದವನ ನಂಬರು ಮೂರೂ ಕೈ ಕೈ ಹಿಡಿದು ರೈಲಾದವು. ಬೀಗದವನು ಬೇಕಾದವರೆಲ್ಲ ಮೊದಲು ಕೋಡು ತಿರುಗಿಸಿ, ಆಮೇಲೆ ರೈಲಿನ ಎಂಜಿನ್ನಿನಿಂದಲೇ ಶುರು ಮಾಡಿದರು. ಅಕ್ಕನ ನಂಬರು ಮುಗಿಯುತ್ತಿದ್ದಂತೆ ಅಕ್ಕನ ಅಂಗಡಿಯಲ್ಲೇ ಗಂಟೆ ಬಾರಿಸುತ್ತಿತ್ತು.

ಅಕ್ಕ ಬಂದದ್ದು ಬಿಸಿ ಇಸ್ತ್ರಿ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದೇ.

"ಏನ್ ರಾಯರೇ ಇದು? ಬೆಳಗಿಂದ ಎಲ್ಲರಿಗೂ ಬಾಗಿಲು ತೆಗೀಬೇಕಂತೆ! ಒಬ್ಬ ಸ್ನಾನದ ಮನೇಲಿ ಸಿಕ್ಕಾಕಿಕೊಂಡಿದ್ದೀನಿ ಬಾರಮ್ಮ ಅಂತಾನೆ. ನಾನು ಇಸ್ತ್ರಿ ಪೆಟ್ಟಿಗೆ ತಗೊಂಡು ಹೋಗ್ಲಾ?"

"ಆ ಕಂಬ ನನ್ನದು, ನನಗೆ ಬೇಕಾದ್ದು ಬರೆಸ್ಕೊಳ್ತೀನಿ" ಎಂದ ಬೀಗದವನು, ಹಿಂದಿನಿಂದ ಬಂದು.

"ಕಂಬ ನಿಂದಾ? ನಿನ್ನ ಬಾಯಿ ತಡೆಯೋಕೆ ಕಟ್ಟಿಸಿದ ಕಂಬ ಕಣೋ ಅದು, ನಮ್ಮತ್ತೆ ಕಟ್ಟಿಸಿದ್ದು!" ಎಂದು ಅಕ್ಕ ಪೆಟ್ಟಿಗೆ ಎತ್ತಿದರು. ಬೀಗದವನು ಅಂಚುರಾಯರ ಬೆನ್ನ ಹಿಂದೆ ಸರಿದ. ಅಕ್ಕ ಅಲ್ಲಿಂದಲೇ ಬೋರ್ಡಿನ ನೆತ್ತಿ ತೋರಿಸಿ, "ಅಲ್ಲಿ ಬರೆದಿರೋದು ನಿಜಾನೇ ಆದ್ರೆ ಸಂಜೆಯೊಳಗೆ ಸರಿ ಮಾಡ್ಕೊಡಿ. ಆಗಲ್ವಾ, ಅಳಿಸಿಬಿಡಿ. ಸುಮ್ನೆ ಯಾಕೆ ನಮಗೂ ಆಸೆ, ನಿಮಗೂ ಅವಮಾನ?" ಎಂದರು.

ಕೂಗಾಟಕ್ಕಿಂತ ಆ ಕೊನೆಯ ಮಾತು ಚುಚ್ಚಿತು. ಯಾಕೆಂದರೆ ಅದನ್ನು ಅಕ್ಕ ಮೆತ್ತಗೆ ಹೇಳಿದ್ದರು.

ಅಂಚುರಾಯರು ಬಹಳ ಹೊತ್ತು ಡಬ್ಬಗಳ ನಡುವೆ ಕೂತರು. ತಿದ್ದುವುದು ತಮ್ಮ ಕೈಯಲ್ಲಿಲ್ಲ. ತಿದ್ದಲಾರೆ ಎಂದರೆ ಮಾವನ ಮಾತು ಸುಳ್ಳು. ಮಾತು ಸುಳ್ಳಾದರೆ ಸಾಲು ಅಳಿಸಬೇಕು; ಸಾಲು ಅಳಿಸಿದರೆ ಬಾಗಿಲು ಮುಚ್ಚಬೇಕು. ಕೊನೆಗೆ ಬಟ್ಟೆ ಚೂರಿಗೆ ಟರ್ಪೆಂಟೈನ್ ಸುರಿದುಕೊಂಡು, ತಮ್ಮ ಅಂಗಡಿಗೆ ತಾವೇ ಏಣಿ ಹಾಕಿ ಹತ್ತಿದರು.

ಎದುರಿನ ಕಿಟಕಿಯಲ್ಲಿದ್ದ ಮನೆಯಾಕೆಗೆ ಅದು ಕಂಡಿತು. ಆಕೆ ಫೋನು ಮುಟ್ಟಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದು, ಬರುತ್ತಿದ್ದ ಲಾರಿಗೆ ಅಂಗೈ ತೋರಿಸಿ ನಿಲ್ಲಿಸಿ, ರಸ್ತೆ ದಾಟಿ ಬಂದರು. ದಾರಿಯಲ್ಲಿ ಸಿಕ್ಕ ತಮ್ಮನನ್ನೂ ಸೈಕಲ್ ಸಮೇತ ಎಳೆದುಕೊಂಡೇ ಬಂದರು.

"ರೀ, ಇಳೀರಿ ಕೆಳಗೆ."

"ಇಳೀತೀನಿ. ಇದೊಂದು ಒರೆಸಿ ಇಳೀತೀನಿ."

"ನಮ್ಮಪ್ಪ ಬರೆದದ್ದು ಅದು."

"ಅದಕ್ಕೇ ಕಣೇ! ನಿಮ್ಮಪ್ಪ ಬರೆದದ್ದನ್ನ ನಿನ್ನ ತಮ್ಮ ಬಾಳೋಕೆ ಬಿಡ್ತಾ ಇಲ್ಲ. ಒಂದು ಅಂಕಿ ಅಂದ, ಸೇರಿಸ್ದೆ. ನಾಲ್ಕು ಅಂದ, ಯೋಚನೆ ಮಾಡ್ದೆ. ಈಗ ರಸ್ತೇನೇ ಸೀಳಿದಾನೆ. ನಾಳೆ ಮಹಡಿಗೊಂದು ಕೋಡ್, ಅಡುಗೆಮನೆಗೊಂದು ಕೋಡ್ ಅಂತಾನೆ. ಎಲ್ಲಿ ಬರೀಲಿ? ಗಿರಾಕಿಗಳ ಹಣೆ ಮೇಲೆ ಬರೀಲಾ?"

ಭಾವಮೈದ ಸೈಕಲ್ ಬೆಲ್ಲಿನ ತುಕ್ಕು ಕೆರೆಯುತ್ತ ನಿಂತಿದ್ದ. "ನಾನೇನು ಮನೇಲಿ ಕೂತು ಅಂಕಿ ಹೆಣೀತೀನಾ ಭಾವ? ಮೇಲಿಂದ ಬರುತ್ತೆ, ಹೇಳ್ತೀನಿ. ಜನ ನನಗೂ ಬೈತಾರೆ. ನನ್ನ ಹೆಂಡತೀನೇ ಅವರಮ್ಮನಿಗೆ ಫೋನ್ ಹೋಗಲಿಲ್ಲ ಅಂತ ನನಗೆ ಊಟ ಹಾಕಲಿಲ್ಲ."

ಮನೆಯಾಕೆಗೆ ನಗು ಬಂದರೂ ತೋರಿಸಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ಅಂಗಡಿಗಳ ಈಚೆ ಸಾಲನ್ನು ಒಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದರು. ಏಣಿಯ ಮೇಲೆ ಹಲಗೆಗೆ ಮೂಗು ತಾಗಿಸಿಕೊಂಡೇ ಬದುಕಿದ ಗಂಡನಿಗೆ ಆ ಸಾಲು ಇಡಿಯಾಗಿ ಎಂದೂ ಕಂಡಿರಲಿಲ್ಲ. ಕಿಟಕಿಯಲ್ಲಿ ನಿಲ್ಲುವ ಆಕೆಗೆ ದಿನವೂ ಕಾಣುತ್ತಿತ್ತು.

"ಏನೋ, ಈ ಸಾಲಿಗೆಲ್ಲ ಒಂದೇ ಕೋಡ್ ತಾನೆ?" ಎಂದು ತಮ್ಮನನ್ನು ಕೇಳಿದರು.

"ಹೂಂ ಅಕ್ಕ. ಈಚೆಗೆಲ್ಲ ಒಂದೇ."

"ಒಂದೇ ಆದ್ಮೇಲೆ ಒಬ್ಬೊಬ್ಬರಿಗೂ ಯಾಕ್ರೀ ಬರೀತೀರಿ? ಬೀಗದವನ ಅಂಗಡಿ ಪಕ್ಕದ ಗೋಡೆ ನೆಲದಿಂದ ಸೂರಿನವರೆಗೂ ಖಾಲಿ ಬಿದ್ದಿದೆ. ಕೂಡುರಸ್ತೆಯಿಂದ ಬರೋರಿಗೆಲ್ಲ ಕಾಣುತ್ತೆ. ಕೋಡ್ ಅಲ್ಲಿ ಬರೀರಿ, ಇಡೀ ಸಾಲಿಗೆ ಒಂದೇ ಸಲ. 'ಈ ಬೀದಿಯವರಿಗೆ ಫೋನು ಮಾಡೋ ಮೊದಲು ಇದನ್ನ ತಿರುಗಿಸಿ' ಅಂತ ಕೆಳಗೆ ಸೇರಿಸಿ. ಮತ್ತೆ ಬದಲಾಯ್ತಾ, ಒಂದೇ ಗೋಡೆ ಕೆರೀಬೇಕು."

ಅಂಚುರಾಯರು ಏಣಿಯ ಮೇಲೆ ನಿಂತೇ ಗೋಡೆಯ ಕಡೆಗೆ ಕತ್ತು ಚಾಚಿದರು. ಅಂಥ ಗೋಡೆಯನ್ನು ಇಷ್ಟು ವರ್ಷ ಖಾಲಿ ಬಿಟ್ಟ ತಮ್ಮ ಕಣ್ಣಿನ ಮೇಲೇ ಅವರಿಗೆ ಅಸಹ್ಯವಾಯಿತು. ಬಟ್ಟೆ ಚೂರನ್ನು ಕೆಳಗೆ ಎಸೆದರು. ಅದು ಭಾವಮೈದನ ಭುಜದ ಮೇಲೆ ಬಿತ್ತು. ಬೇಕೆಂದು ಎಸೆದದ್ದಲ್ಲ ಎಂದು ಅವರು ಈಗಲೂ ಹೇಳುತ್ತಾರೆ.

ಕೂಗು ಕೇಳಿ ಬಂದು ಸೇರಿದ್ದವರಲ್ಲಿ ಬೀಗದವನು ಕೂಡಲೇ ಒಪ್ಪಿದ. "ಕೆಳಗೆ ಮೂಲೇಲಿ ಒಂದು ಪುಟ್ಟ ಬೀಗದ ಚಿತ್ರ..." ಎಂದು ಬಾಯಿ ತೆರೆದವನು ಇಸ್ತ್ರಿ ಅಕ್ಕನ ಮುಖ ನೋಡಿ ಮುಚ್ಚಿದ. ಕಂಬದ ಮೇಲಿನ ಅಂಕಿಗಳನ್ನು ಅಕ್ಕ ತಾವೇ ನಿಂತು ಒರೆಸಿಸಿದರು.

ಭಾವಮೈದ ರಜೆ ಹಾಕಿ ಏಣಿ ಹಿಡಿದ. ಬಣ್ಣದ ವಾಸನೆಗೆ ತಲೆ ಸುತ್ತುತ್ತದೆಂದು ಒಮ್ಮೆ ಹೇಳಿದ. ಮನೆಯಾಕೆ ಕೆಕ್ಕರಿಸಿದ ಮೇಲೆ ಸುತ್ತುವುದು ನಿಂತಿತು. ಗೋಡೆಯ ಮೇಲೆ ಎದ್ದ ನಾಲ್ಕು ಅಂಕಿಗಳು ಎಷ್ಟು ದೊಡ್ಡವೆಂದರೆ, ಸೊನ್ನೆಯ ಹೊಟ್ಟೆಯೊಳಗೆ ಎತ್ತಿನ ಗಾಡಿ ಅಡ್ಡಾಡಬಹುದಿತ್ತು. ಮೇಲೆ ಹಾರುವ ಹಕ್ಕಿಗಳಿಗೂ ಈ ಬೀದಿಗೆ ಫೋನು ಮಾಡುವುದು ಹೇಗೆಂದು ತಿಳಿಯಿತು. ಎಡದಿಂದ ಬಲಕ್ಕೆ, ಸೂರಿನಿಂದ ನೆಲಕ್ಕೆ, ಎಲ್ಲೂ ಬೆರಳಗಲ ಸುಣ್ಣ ಕಾಣದ ಹಾಗೆ ತುಂಬಿದ ಗೋಡೆಯನ್ನು ರಸ್ತೆಯ ನಡುವೆ ನಿಂತು ನೋಡಿದಾಗ ಅಂಚುರಾಯರ ಎದೆಯುಬ್ಬಿತು. ಮಾವನ ಸಾಲು ತನ್ನ ಜಾಗದಲ್ಲೇ ಇತ್ತು.

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ ಆಚೆ ಸಾಲಿನ ಅಂಗಡಿಯವರೆಲ್ಲ ಗುಂಪಾಗಿ ನಿಂತಿದ್ದಾರೆ.

"ರಾಯರೇ, ನಮ್ಮ ಬೋರ್ಡು ಬರೆದೋರೂ ನೀವೇ. ನಮ್ಮ ಕೋಡ್ ಬೇರೆ. ನಮಗೂ ತಪ್ಪು ಕಾಣ್ತಾ ಇದೆ."

ಅಂಚುರಾಯರು ಅತ್ತ ಖಾಲಿ ಗೋಡೆ ಹುಡುಕಿದರು. ಆಚೆ ಸಾಲಿನ ತುದಿಯಲ್ಲಿ, ಕೂಡುರಸ್ತೆಗೆ ಮುಖ ಮಾಡಿದ ಗೋಡೆ ಒಂದೇ ಒಂದಿತ್ತು. ಅದು ಅವರದೇ ಮನೆಯ ಗೋಡೆ. ಹೋದ ವರ್ಷವಷ್ಟೇ ಮನೆಯಾಕೆ ಹಟ ಹಿಡಿದು ಹಾಲಿನಂಥ ಬಿಳಿ ಹೊಡೆಸಿದ್ದರು. ಬೆಕ್ಕು ಮೈ ಉಜ್ಜಿದರೂ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು.

ಏಣಿಯ ಎರಡು ತುದಿ ಹಿಡಿದು ಭಾವ, ಭಾವಮೈದ ರಸ್ತೆ ದಾಟಿ ಬರುವುದನ್ನು ಕಂಡು ಆಕೆ ಬಾಗಿಲಿಗೆ ಅಡ್ಡ ಬಂದರು.

"ಏಣಿ ಯಾಕೆ ಈ ಕಡೆ?"

"ನಿಮ್ಮಪ್ಪನ ಮಾತು ಕಣೇ" ಎಂದರು ಅಂಚುರಾಯರು. "ನಾನು ಬೇಡ ಅಂದ್ರೂ ಬಿಡ್ತಾ ಇಲ್ಲ."

ಆಕೆ ಗಂಡನನ್ನು ನೋಡಿದರು, ತಮ್ಮನನ್ನು ನೋಡಿದರು, ಹಿಂದೆ ನಿಂತ ಅಂಗಡಿಯವರನ್ನು ನೋಡಿದರು. ಕೊನೆಗೆ ತಮ್ಮ ಬಿಳಿ ಗೋಡೆಯನ್ನು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ, ಮೇಲಿಂದ ಕೆಳಕ್ಕೆ ಒಮ್ಮೆ ನೋಡಿದರು.

"ನೀಲಿ ಬೇಡ. ನೀಲಿ ಕಂಡ್ರೆ ಇವನ ಇಲಾಖೆ ಬೋರ್ಡು ನೆನಪಾಗುತ್ತೆ" ಎಂದರು. "ಹಸಿರಲ್ಲಿ ಬರೀರಿ. ಕಿಟಕಿ ಗಾಜಿಗೆ ಒಂದು ಹನಿ ಹಾರಿದ್ರೂ ಅದನ್ನ ನೀವೇ ಒರೆಸಬೇಕು, ಪುಕ್ಕಟೆ."